ಪೈಲಟ್ ಇಲ್ಲದ ಜೆಟ್: ಚರಿತ್ರೆ ಮತ್ತು ಪಾಠ





ಪವಿತ್ರ ಕುರ್‌ಆನಿನ ಸೂರಃ ಅಲ್ ಮುಲ್ಕ್‌ನಲ್ಲಿ, ತಲೆಯ ಮೇಲೆ ರೆಕ್ಕೆ ಬಿಚ್ಚುತ್ತಾ ಮಡಚುತ್ತಾ ಹಾರುವ ಹಕ್ಕಿಗಳ ಕಡೆಗೆ ಮನುಷ್ಯನ ಗಮನ ಸೆಳೆಯಲಾಗಿದೆ. ಅಂದರೆ ಆಕಾಶವನ್ನು ನೋಡಿ ಯೋಚಿಸುವುದೂ ನಮ್ಮ ಕರ್ತವ್ಯಗಳಲ್ಲಿ ಒಂದು. ನಮ್ಮ ಬೀದರ್ ಜಿಲ್ಲೆಯ ಮಕ್ಕಳಿಗೆ ಆಕಾಶ ನೋಡಲು ಬೇರೆ ಕಾರಣವೂ ಇದೆ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. 1996ರಲ್ಲಿ ಇದೇ ನೆಲೆಯಲ್ಲಿ ಸೂರ್ಯಕಿರಣ ತಂಡ ಹುಟ್ಟಿತು. ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ ಕಿರಣ್ ವಿಮಾನಗಳಲ್ಲಿ ಅದು ದೇಶವಿಡೀ ಕಸರತ್ತು ತೋರಿಸಿತು. 2011ರಲ್ಲಿ ನಿಂತುಹೋದ ಈ ತಂಡ 2015ರಲ್ಲಿ ಹಾಕ್ ವಿಮಾನಗಳೊಂದಿಗೆ ಮತ್ತೆ ಎದ್ದು ನಿಂತಿತು.

ತರಗತಿಯಲ್ಲಿ ಪಾಠ ನಡೆಯುವಾಗ ಜೆಟ್ ಸದ್ದು ಕೇಳಿದರೆ ಬೇಮಳಖೇಡದ ಮಕ್ಕಳ ಕಣ್ಣು ಕಿಟಕಿಗೆ ಹೋಗುತ್ತದೆ. ಅಂಥ ಒಂದು ದಿನ ಒಬ್ಬ ಹುಡುಗ ಕೇಳಿದ: "ಸರ್, ಅದರೊಳಗೆ ಕೂರದೆ, ನೆಲದ ಮೇಲೆ ನಿಂತೇ ಹಾರಿಸಲಿಕ್ಕೆ ಆಗುತ್ತದೆಯೇ?" ಪಕ್ಕದವರು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ಅದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಭಾಷೆ ಕಲಿಸುವ ನಾನು ಆ ಚರಿತ್ರೆಯನ್ನು ಹುಡುಕಿ ಓದಬೇಕಾಯಿತು. ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಇಳಿಯುವುದನ್ನು ಮರೆತ ವಿದ್ವಾಂಸ

ಹಾರುವ ಕನಸಿನ ಮಾತು ಬಂದಾಗ ಒಂಬತ್ತನೆಯ ಶತಮಾನದ ಅಬ್ಬಾಸ್ ಇಬ್ನ್ ಫಿರ್ನಾಸ್‌ರನ್ನು ನೆನೆಯಬೇಕು. ಸ್ಪೇನಿನ ಕುರ್ತುಬಾ ನಗರದ ಈ ವಿದ್ವಾಂಸರು ಕವಿಯೂ ಹೌದು, ಖಗೋಳ ಬಲ್ಲವರೂ ಹೌದು. ಮೈಗೆ ಗರಿ ಹೊದ್ದು, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಗಾಳಿಗೆ ಇಳಿದರೆಂದು ಹದಿನೇಳನೆಯ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ಬರೆದಿದ್ದಾರೆ. ಸ್ವಲ್ಪ ದೂರ ಹಾರಿದರೂ ಇಳಿಯುವಾಗ ಬೆನ್ನಿಗೆ ಪೆಟ್ಟಾಯಿತು. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ. ಇವರು ಬಾಲ ಕಟ್ಟಿಕೊಂಡಿರಲಿಲ್ಲ ಎಂಬುದು ಆ ಬರಹದಲ್ಲಿರುವ ಕಾರಣ. ಏರುವುದನ್ನಷ್ಟೇ ಕಲಿತರೆ ಸಾಲದು, ಇಳಿಯುವುದನ್ನೂ ಕಲಿಯಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುರಿಹಲಗೆಯಾಗಿ ಹುಟ್ಟಿದ ವಿಮಾನ

ತಂತಿಯಿಲ್ಲದೆ ಯಂತ್ರವನ್ನು ನಡೆಸಬಹುದೆಂದು ಜನರ ಕಣ್ಣೆದುರು ತೋರಿಸಿದವರು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ರೇಡಿಯೋ ಅಲೆಗಳಿಂದ ಅವರು ತಿರುಗಿಸಿದರು. ನೋಡಿದವರಲ್ಲಿ ಕೆಲವರು ಇದನ್ನು ಮಾಟವೆಂದೇ ಭಾವಿಸಿದರಂತೆ. ಮೊದಲನೆಯ ಮಹಾಯುದ್ಧ ಬಂದಾಗ ಅದೇ ವಿದ್ಯೆ ಆಕಾಶಕ್ಕೇರಿತು. 1917ರಲ್ಲಿ ಬ್ರಿಟನ್ನಿನ ಆರ್ಕಿಬಾಲ್ಡ್ ಲೋ ಎಂಬುವರು ರೇಡಿಯೋ ಮೂಲಕ ನಡೆಸುವ ಪೈಲಟ್ ಇಲ್ಲದ ವಿಮಾನವನ್ನು ಪರೀಕ್ಷಿಸಿದರು.

1935ರಲ್ಲಿ ಬ್ರಿಟಿಷರು ಟೈಗರ್ ಮಾತ್ ವಿಮಾನವನ್ನೇ ಆಧಾರವಾಗಿಟ್ಟುಕೊಂಡು 'ಕ್ವೀನ್ ಬೀ', ಅಂದರೆ ರಾಣಿಜೇನು, ಎಂಬ ರೇಡಿಯೋ ವಿಮಾನ ಮಾಡಿದರು. ಅದರ ಕೆಲಸ ಒಂದೇ: ಆಕಾಶದಲ್ಲಿ ಹಾರುತ್ತಿರುವುದು, ನೆಲದ ಗೋಲಂದಾಜರು ಅದಕ್ಕೆ ಗುರಿಯಿಟ್ಟು ಹೊಡೆಯುವುದು. ಇಂದು ಮದುವೆ ಮನೆಯಲ್ಲೂ ಕೇಳಿಬರುವ 'ಡ್ರೋನ್' ಎಂಬ ಪದ, ಗಂಡು ಜೇನಿನ ಹೆಸರು, ಈ ರಾಣಿಜೇನಿನಿಂದಲೇ ರೂಢಿಗೆ ಬಂದಿತೆನ್ನುತ್ತಾರೆ. ಅಮೆರಿಕದಲ್ಲಿ ರೆಜಿನಾಲ್ಡ್ ಡೆನ್ನಿ ಎಂಬ ಸಿನಿಮಾ ನಟ ಹಾಲಿವುಡ್‌ನಲ್ಲಿ ಮಾದರಿ ವಿಮಾನಗಳ ಅಂಗಡಿ ಇಟ್ಟಿದ್ದರು. ಅವರ ಕಂಪೆನಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸಾವಿರಾರು ರೇಡಿಯೋ ಗುರಿವಿಮಾನಗಳನ್ನು ಕೊಟ್ಟಿತು.

ಆದರೆ ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು, ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ, ತಾವೇ ಕಟ್ಟಿದ ಮಾದರಿ ವಿಮಾನವನ್ನು ರೇಡಿಯೋ ಮೂಲಕ ಹಾರಿಸಿದರು. ಒಬ್ಬರು ವಿಮಾನ ಕಟ್ಟಿದರು, ಇನ್ನೊಬ್ಬರು ರೇಡಿಯೋ ಕಟ್ಟಿದರು. ಅದಕ್ಕೆ ಯಾವ ಫಿರಂಗಿಯೂ ಗುರಿಯಿಡಲಿಲ್ಲ. ಕಲಿಯುವ ಆಸೆಯೊಂದೇ ಅದರ ಕಾರಣ. ಆ ವಿಮಾನ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸ್ವತ್ತು.

ಬೆಂಗಳೂರಿನ ಲಕ್ಷ್ಯ

ನಮ್ಮ ಕರ್ನಾಟಕಕ್ಕೆ ಬರೋಣ. ಬೆಂಗಳೂರಿನಲ್ಲಿ ಎ.ಡಿ.ಇ. ಎಂಬ ರಕ್ಷಣಾ ಸಂಶೋಧನಾಲಯವಿದೆ. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು 'ಲಕ್ಷ್ಯ' ಎಂಬ ಪೈಲಟ್ ಇಲ್ಲದ ಜೆಟ್ ವಿಮಾನವನ್ನು ರೂಪಿಸಿ ಹಾರಿಸಿದರು. ಸುಮಾರು 700 ಕಿಲೋ ತೂಕದ ಈ ವಿಮಾನಕ್ಕೆ ರನ್‌ವೇ ಬೇಡ. ರಾಕೆಟ್ಟಿನ ನೂಕಿನಿಂದ ಅದು ಮೇಲೇರುತ್ತದೆ. ಆಮೇಲೆ ಜೆಟ್ ಎಂಜಿನ್ ಕೆಲಸ ಮಾಡುತ್ತದೆ. ನೆಲದಲ್ಲಿ ಕುಳಿತವರು ರೇಡಿಯೋ ಮೂಲಕ ಅದನ್ನು ನಡೆಸುತ್ತಾರೆ. ಉದ್ದನೆಯ ತಂತಿಯ ತುದಿಯಲ್ಲಿ ಗುರಿಯನ್ನು ಎಳೆದೊಯ್ಯುವುದರಿಂದ ಗುಂಡು ತಗಲುವುದು ಆ ಗುರಿಗೆ. ಕೆಲಸ ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ಲಕ್ಷ್ಯ ಕೆಳಗಿಳಿಯುತ್ತದೆ. ಅದನ್ನು ಎತ್ತಿತಂದು ಮತ್ತೆ ಹಾರಿಸುತ್ತಾರೆ. ಒಡಿಶಾದ ಚಾಂದಿಪುರದಲ್ಲಿ ಇದರ ಅನೇಕ ಪರೀಕ್ಷೆಗಳು ನಡೆದವು. 2000ದಲ್ಲಿ ಇದು ವಾಯುಪಡೆಗೆ ಸೇರಿತು. ಮೊದಲು ಹೊರದೇಶದ ಎಂಜಿನ್ ಬಳಸಲಾಯಿತು; ಬಳಿಕ ಎಚ್.ಎ.ಎಲ್. ಇದಕ್ಕಾಗಿಯೇ ಪಿ.ಟಿ.ಎ.ಇ.-7 ಎಂಬ ಸ್ವದೇಶಿ ಜೆಟ್ ಎಂಜಿನ್ ತಯಾರಿಸಿತು.

ಇದೇ ಎ.ಡಿ.ಇ.ಯಲ್ಲಿ ಲಕ್ಷ್ಯಕ್ಕೂ ಎಷ್ಟೋ ಮುಂಚೆ ರಾಮೇಶ್ವರದ ಒಬ್ಬ ಯುವಕ ಕೆಲಸ ಮಾಡುತ್ತಿದ್ದರು. ಅವರು ಎ.ಪಿ.ಜೆ. ಅಬ್ದುಲ್ ಕಲಾಂ. ಎಚ್.ಎ.ಎಲ್.ನಲ್ಲಿ ತರಬೇತಿ ಪಡೆಯುವಾಗ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ವಿಭಾಗದಲ್ಲಿ ಕೈ ಮಸಿ ಮಾಡಿಕೊಂಡವರು. ಪೈಲಟ್ ಆಗಬೇಕೆಂಬುದು ಅವರ ಆಸೆ. ಡೆಹ್ರಾಡೂನಿನ ಆಯ್ಕೆಯಲ್ಲಿ 25 ಮಂದಿಯ ಪೈಕಿ ಅವರಿಗೆ ಬಂದದ್ದು 9ನೆಯ ಸ್ಥಾನ. ಬೇಕಾಗಿದ್ದವರು 8 ಮಂದಿ. ಮನಸ್ಸು ಮುರಿಯಿತು, ಆದರೆ ಓದು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಅವರ ತಂಡ ನೆಲದಿಂದ ತುಸು ಮೇಲೆ ತೇಲುವ 'ನಂದಿ' ಎಂಬ ಹೋವರ್‌ಕ್ರಾಫ್ಟ್ ಮಾಡಿತು. ರಕ್ಷಣಾ ಸಚಿವ ಕೃಷ್ಣ ಮೆನನ್ ಅದರಲ್ಲಿ ಕುಳಿತರು, ನಡೆಸಿದವರು ಕಲಾಂ. ಪೈಲಟ್ ಆಗಲು ಆಗದವರು ಮುಂದೆ 2002ರಲ್ಲಿ ರಾಷ್ಟ್ರಪತಿಯಾದರು.

ಅಂಗೈ ಅಗಲದ ಎಂಜಿನ್

ಈಗ ಹುಡುಗನ ಪ್ರಶ್ನೆಗೆ ನೇರ ಉತ್ತರ ಕೊಡೋಣ. ಸೈನ್ಯವಷ್ಟೇ ಅಲ್ಲ, ಹವ್ಯಾಸಿಗಳೂ ನಿಜವಾದ ಜೆಟ್ ಮಾದರಿಗಳನ್ನು ಹಾರಿಸುತ್ತಾರೆ. ದೊಡ್ಡ ಜೆಟ್ ಎಂಜಿನ್ ಮೊದಲು ಜರ್ಮನಿಯಲ್ಲಿ 1939ರಲ್ಲಿ ಹಾರಿತು. ಅದನ್ನು ನೀರಿನ ಬಾಟಲಿಯಷ್ಟು ಚಿಕ್ಕದು ಮಾಡಲು ಮತ್ತೆ ನಾಲ್ಕು ದಶಕಗಳೇ ಬೇಕಾದವು. ಜರ್ಮನಿಯ ಕರ್ಟ್ ಶ್ರೆಕ್ಲಿಂಗ್ ಎಂಬ ಹವ್ಯಾಸಿ ಗಾಳಿ ಒತ್ತುವ ಚಕ್ರವನ್ನು ಪ್ಲೈವುಡ್‌ನಿಂದ ಮಾಡಿ, ಕಾರ್ಬನ್ ನೂಲಿನಿಂದ ಬಿಗಿದು ಎಂಜಿನ್ ನಡೆಸಿದರು. ಮನೆಯ ಕಾರ್ಖಾನೆಯಲ್ಲೇ ಇದನ್ನು ಮಾಡುವ ಬಗೆಯನ್ನು ಪುಸ್ತಕ ಬರೆದು ಎಲ್ಲರಿಗೂ ಹಂಚಿದರು.

ಈ ಎಂಜಿನ್ ನಡೆಯುವ ಬಗೆ ಸರಳ. ಮುಂದಿನ ಚಕ್ರ ಗಾಳಿಯನ್ನು ಒಳಗೆಳೆದು ಒತ್ತುತ್ತದೆ. ಒತ್ತಿದ ಗಾಳಿಯಲ್ಲಿ ಸೀಮೆಎಣ್ಣೆ ಉರಿಯುತ್ತದೆ. ಬಿಸಿಗಾಳಿ ಹಿಂದಿನ ಚಕ್ರವನ್ನು ತಿರುಗಿಸಿ ರಭಸದಿಂದ ಹೊರಹೋಗುತ್ತದೆ. ಅದರ ಪ್ರತಿಕ್ರಿಯೆಯಿಂದ ವಿಮಾನ ಮುಂದೆ ಚಲಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮವೆಂದು ನೀವು ಬಾಯಿಪಾಠ ಮಾಡುವುದು ಇದನ್ನೇ. ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹೊರಬರುವ ಗಾಳಿ ನೂರಾರು ಡಿಗ್ರಿ ಬಿಸಿ.

ಹಾಗಾಗಿ ಹಾರಿಸುವುದಕ್ಕಿಂತ ಸಿದ್ಧತೆಯೇ ದೊಡ್ಡದು. ವಿಮಾನದ ತೂಕ ಸಮತೋಲವಾಗುವ ಬಿಂದು ಸರಿಯಾದ ಜಾಗದಲ್ಲಿದೆಯೇ? ಕಡ್ಡಿಯನ್ನು ಬಲಕ್ಕೆ ತಿರುಗಿಸಿದರೆ ರೆಕ್ಕೆಯ ಪಟ್ಟಿಗಳು ಬಲಕ್ಕೆ ವಾಲಿಸುವ ಹಾಗೆಯೇ ಏಳುತ್ತವೆಯೇ? ದೂರ ಹೋದಾಗಲೂ ರೇಡಿಯೋ ಸಂಕೇತ ತಲುಪುತ್ತದೆಯೇ? ಸಂಕೇತ ಕಡಿದುಹೋದರೆ ಎಂಜಿನ್ ತಾನೇ ನಿಲ್ಲುವಂತೆ ಹೊಂದಿಸಲಾಗಿದೆಯೇ? ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಸಂಗಡಿಗ ಪಕ್ಕದಲ್ಲಿದ್ದಾನೆಯೇ? ಇದರಲ್ಲಿ ಒಂದಕ್ಕೆ 'ಇಲ್ಲ' ಎಂಬ ಉತ್ತರ ಬಂದರೂ ಅಂದು ವಿಮಾನ ಹಾರಬಾರದು.

ಮೇಲೇರಿದ ಮೇಲೆ ಇನ್ನೆರಡು ಪರೀಕ್ಷೆ. ವಿಮಾನ ನಿಮ್ಮ ಕಡೆಗೆ ಮುಖ ಮಾಡಿ ಬರುವಾಗ ಅದರ ಎಡ ನಿಮ್ಮ ಬಲವಾಗುತ್ತದೆ. ಒಂದು ಕ್ಷಣ ಗೊಂದಲವಾದರೂ ವಿಮಾನ ಹೋಯಿತು. ಎರಡನೆಯದು ಇಳಿಯುವುದು. ಜೆಟ್ ಎಂಜಿನ್ ಕೇಳಿದ ತಕ್ಷಣ ಶಕ್ತಿ ಕೊಡುವುದಿಲ್ಲ, ವೇಗ ಹಿಡಿಯಲು ಕೆಲವು ಕ್ಷಣ ಬೇಕು. ಕೊನೆಗಳಿಗೆಯಲ್ಲಿ ನೋಡಿಕೊಳ್ಳೋಣ ಎಂದವರಿಗೆ ಅದು ಮಾಫಿ ಕೊಡುವುದಿಲ್ಲ. ಇಂಧನ ಕೆಲವು ನಿಮಿಷಗಳಿಗಷ್ಟೇ ಸಾಕಾಗುವುದರಿಂದ ಏರುವ ಮೊದಲೇ ಇಳಿಯುವ ಲೆಕ್ಕ ಹಾಕಿರಬೇಕು. ಇಬ್ನ್ ಫಿರ್ನಾಸ್ ಸಾವಿರ ವರ್ಷಗಳ ಹಿಂದೆ ಬೆನ್ನಿಗೆ ಪೆಟ್ಟು ತಿಂದು ಕಲಿತ ಪಾಠ ಇದೇ ಅಲ್ಲವೇ?

ಇಂಥ ಜೆಟ್ ಮಾದರಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. ಅದನ್ನು ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಥರ್ಮೋಕೋಲ್ ಹಾಳೆ, ಒಂದು ಬ್ಲೇಡ್, ಮೂತಿಗೆ ಅಂಟಿಸಲು ಒಂದಿಷ್ಟು ಜೇಡಿಮಣ್ಣು ಇದ್ದರೆ ಕೈಯಿಂದ ಎಸೆಯುವ ಗ್ಲೈಡರ್ ಆಗುತ್ತದೆ. ಮಣ್ಣು ಹೆಚ್ಚಾದರೆ ಮೂತಿ ಕುಟ್ಟುತ್ತದೆ, ಕಡಿಮೆಯಾದರೆ ತಲೆಯೆತ್ತಿ ಬೀಳುತ್ತದೆ. ಸಮತೋಲದ ಬಿಂದು ಆಗ ಪುಸ್ತಕದ ಚಿತ್ರವಾಗಿ ಉಳಿಯುವುದಿಲ್ಲ, ಕೈಗೆ ಸಿಗುತ್ತದೆ. ಮುಂದೆ ಮೋಟಾರು, ರೇಡಿಯೋ ಜೋಡಿಸುವ ಕಾಲ ಬಂದರೆ 2021ರ ಡ್ರೋನ್ ನಿಯಮಗಳನ್ನು ಓದಿಯೇ ಹೆಜ್ಜೆ ಇಡಿ. ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬುದನ್ನು ಸರ್ಕಾರದ ನಕ್ಷೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ವಾಯುಪಡೆಯ ನೆಲೆಯಿರುವ ಜಿಲ್ಲೆಯವರಾದ ನಾವು ಇದರಲ್ಲಿ ಇತರರಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಮದರಸಾ ಮತ್ತು ಮದ್ದು

ಕೊನೆಯಲ್ಲಿ ನಮ್ಮದೇ ಬೀದರಿನ ಒಂದು ಮಾತು. ಬಹಮನಿ ರಾಜ್ಯದ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾವನ್ನು ನೀವು ನೋಡಿರುತ್ತೀರಿ. ಅಲ್ಲಿ ಧರ್ಮಶಾಸ್ತ್ರದ ಜೊತೆಗೆ ಗಣಿತ, ಖಗೋಳಗಳೂ ಇದ್ದವು. ಸುಮಾರು 3000 ಹಸ್ತಪ್ರತಿಗಳಿದ್ದವು. ಮುಂದೆ ಮೊಗಲರ ಕಾಲದಲ್ಲಿ ಅದೇ ಕಟ್ಟಡದಲ್ಲಿ ಮದ್ದು ತುಂಬಿಟ್ಟರು. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಇಂದು ನಿಂತಿರುವುದು ಒಂದೇ.

ವಿಚಾರ ಮಾಡಿ. ಕಲಿಕೆಗೆಂದು ಕಟ್ಟಿದ ಮನೆ ಮದ್ದಿನ ಕೋಠಿಯಾಗಿ ಹಾಳಾಯಿತು. ಫಿರಂಗಿಯ ಗುರಿಯಾಗಲೆಂದು ಹುಟ್ಟಿದ ರೇಡಿಯೋ ವಿಮಾನ ವಿದ್ಯಾರ್ಥಿಗಳ ಕೈಗೆ ಬಂದು ಪಾಠಶಾಲೆಯಾಯಿತು. ವಿದ್ಯೆ ಯಾವ ದಾರಿ ಹಿಡಿಯಬೇಕೆಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ, ಅದನ್ನು ಹಿಡಿದ ಕೈ ತೀರ್ಮಾನಿಸುತ್ತದೆ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ "ಗಣಿತ ನಮಗಲ್ಲ, ವಿಜ್ಞಾನ ನಮ್ಮ ಮನೆಯವರಿಗಲ್ಲ" ಎಂದು ಹಿಂದೆ ಸರಿಯುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಪಾಲಕರೇ, ಅವರನ್ನು ತಡೆಯಬೇಡಿ. ಸಂಘದ ಹಿರಿಯರೇ, ಪ್ರತಿ ಶಾಲೆಗೆ ನಾಲ್ಕು ಥರ್ಮೋಕೋಲ್ ಹಾಳೆ ಕೊಡಿಸುವುದು ದೊಡ್ಡ ಖರ್ಚಲ್ಲ. ವಿದ್ಯಾರ್ಥಿಗಳೇ, ಇನ್ನು ಮೇಲೆ ಜೆಟ್ ಸದ್ದು ಕೇಳಿದಾಗ ಆಕಾಶ ನೋಡಿ, ಬೇಡವೆನ್ನುವುದಿಲ್ಲ. ನೋಡಿದ ಮೇಲೆ ಮತ್ತೆ ಪುಸ್ತಕಕ್ಕೆ ಬನ್ನಿ. ಅಲ್ಲಿಗೆ ಹೋಗುವ ದಾರಿ ಇರುವುದು ಅದರಲ್ಲೇ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ಅದನ್ನು ಒಳಿತಿಗೆ ಬಳಸುವ ಬುದ್ಧಿಯನ್ನೂ ಕರುಣಿಸಲಿ. ಆಮೀನ್.