ಅಚ್ಚಿನ ಸೂತ್ರವೂ ಅದರ ವೃತ್ತಿಯೂ

ಚಾರ್ಮಾಡಿಯ ಘಟ್ಟವನ್ನೇರಿ ಬಂದ ದಾರಿಯು ಮಲೆನಾಡಿನ ಮೇಲ್ನೆಲವನ್ನು ಮುಟ್ಟುವೆಡೆಯಲ್ಲಿ ಕೊಟ್ಟಿಗೆಹಾರವೆಂಬ ಸಣ್ಣ ಊರಿದೆ. ಮಳೆಗೂ ಮಂಜಿಗೂ ಪಯಣಿಗರ ನೀರುದೋಸೆಗೂ ಹೆಸರಾದ ಈ ಊರಿನಲ್ಲಿ ಇಂದು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವು ನೆಲಸಿದೆ. ತೇಜಸ್ವಿಯವರು (1938–2007) ಮೂಡಿಗೆರೆಯ ಕಾಫಿತೋಟದಲ್ಲಿ ಬಾಳಿ, 1980ರಲ್ಲಿ ‘ಕರ್ವಾಲೊ’ವನ್ನು ಕನ್ನಡಕ್ಕೆ ಕೊಟ್ಟವರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಆದರೆ ಅವರನ್ನು ಕಡೆಗಾಲದಲ್ಲಿ ಬಹುವಾಗಿ ಕಾಡಿದ ಚಿಂತೆಯೊಂದು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ. ಗಣಕಯಂತ್ರದಲ್ಲಿ ಕನ್ನಡದ ಗತಿಯೇನು ಎಂಬುದೇ ಆ ಚಿಂತೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ‘ಕುವೆಂಪು’ ತಂತ್ರಾಂಶವು ರೂಪುಗೊಂಡಾಗ ಅದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಅವರೂ ಒಬ್ಬರು. ಅಕ್ಷರವನ್ನು ಜೋಡಿಸುವ ನಿಯಮವು ಯಾರ ಕೈಯಲ್ಲಿದೆ, ಎಲ್ಲಿ ಬರೆದಿಟ್ಟಿದೆ, ಬೇಕಾದವನು ಅದನ್ನು ಓದಬಲ್ಲನೆ—ಈ ಪ್ರಶ್ನೆಗಳಿಗೆ ಒಂದು ಇತಿಹಾಸವುಂಟು.

ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಹರ್ಮನ್ ಮೋಗ್ಲಿಂಗನ ‘ಮಂಗಳೂರು ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಬಂದಿತು. ಮುಂದೆ ಸೀಸದ ಮೊಳೆಗಳು ಬಂದುವು. ಮೊಳೆಯ ಕಾಲದಲ್ಲಿ ಅಚ್ಚಿನ ವಿದ್ಯೆಯೆಲ್ಲವೂ ಕಣ್ಣಿಗೆ ಕಾಣುವಂತಿದ್ದಿತು. ಯಾವ ಗೂಡಿನಲ್ಲಿ ಯಾವ ಅಕ್ಷರ, ಯಾವ ಒತ್ತು ಯಾವುದರ ಕೆಳಗೆ ಕೂರಬೇಕು ಎಂಬುದನ್ನು ಹುಡುಗನೊಬ್ಬನು ಹಿರಿಯನ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದನು. ಆ ವಿದ್ಯೆಯನ್ನು ಯಾರೂ ಬಚ್ಚಿಡುವಂತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸೀಸವು ಹೋಗಿ ಗಣಕಯಂತ್ರವು ಬಂದಿತು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರೂ ಅಕ್ಷರಜೋಡಣೆಯ ಉದ್ಯಮದಲ್ಲಿ ದುಡಿದವರೂ ಆದ ಕೆ. ಪಿ. ರಾವ್ ಅವರು ಧ್ವನಿಯನ್ನನುಸರಿಸುವ ಕೀಲಿಮಣೆಯೊಂದನ್ನು ಕನ್ನಡಕ್ಕೆ ರಚಿಸಿಕೊಟ್ಟರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ತಮ್ಮ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿದರು. ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನೇ ಕರ್ನಾಟಕ ಸರ್ಕಾರವು ಮುಂದೆ ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಮನೆಮನೆಗೆ ತಲಪಿದುವು.

ಈ ಉಪಕಾರಗಳು ಸಣ್ಣವಲ್ಲ. ಆದರೆ ಅಂದಿನ ಪದ್ಧತಿಯಲ್ಲಿ ಒಂದು ಅಪಾಯವು ಅಡಗಿದ್ದಿತು. ಆ ಕಾಲದ ಅಕ್ಷರಶೈಲಿಯೊಂದರಲ್ಲಿ ಹೆಚ್ಚೆಂದರೆ 256 ಸ್ಥಾನಗಳು. ಅವುಗಳಲ್ಲಿಯೂ ಕೆಲವು ಬಳಕೆಗೆ ಬಾರವು. ಕನ್ನಡದ ಕಾಗುಣಿತವನ್ನೂ ಒತ್ತುಗಳನ್ನೂ ಇಷ್ಟರಲ್ಲಿ ಅಡಗಿಸಬೇಕಾದುದರಿಂದ ಅಕ್ಷರಗಳನ್ನು ತುಂಡುಗಳಾಗಿಸಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದರು. ಯಂತ್ರಕ್ಕೆ ತಿಳಿದಿದ್ದುದು ಆಕಾರದ ತುಂಡು ಮಾತ್ರ, ಅಕ್ಷರವಲ್ಲ. ಯಾವ ತುಂಡಿಗೆ ಯಾವ ಸ್ಥಾನವೆಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗುತ್ತಿತ್ತು. ಹಲವು ತಂತ್ರಾಂಶಗಳ ಆಂತರಿಕ ಕ್ರಮವು ಸಾರ್ವಜನಿಕರ ಓದಿಗೆ ದೊರೆಯುತ್ತಲೂ ಇರಲಿಲ್ಲ. ಇದರ ಫಲವನ್ನು ಇಂದು ಎಷ್ಟೋ ಮನೆಗಳು ಕಂಡಿವೆ. ತಂದೆಯು ಜೋಡಿಸಿಟ್ಟ ಗ್ರಂಥವನ್ನು ಮಗಳು ತೆರೆದರೆ, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಗೋಜಲು ಕಾಣುತ್ತದೆ. ಕಡತವು ನಾಶವಾಗಿಲ್ಲ, ಅದನ್ನು ಓದುವ ಕೀಲಿಯು ಕೈತಪ್ಪಿದೆ. ಸ್ಥಾನಗಳ ಪಟ್ಟಿಯು ದೊರೆತ ತಂತ್ರಾಂಶಗಳ ಬರಹವನ್ನು ಹೊಸ ಸಂಕೇತಕ್ಕೆ ಪರಿವರ್ತಿಸಲು ಸಾಧ್ಯವಾಯಿತು. ಪಟ್ಟಿಯು ದೊರೆಯದೆಡೆಯಲ್ಲಿ ಮತ್ತೆ ಮೊದಲಿನಿಂದ ಬೆರಳಚ್ಚು ಮಾಡುವುದಲ್ಲದೆ ಗತ್ಯಂತರವಿಲ್ಲ.

ಇದೇ ಸಮಸ್ಯೆಯನ್ನು ಬೇರೊಂದು ಖಂಡದಲ್ಲಿ ಒಬ್ಬ ವಿದ್ವಾಂಸನು ಬೇರೆಯ ಬಗೆಯಲ್ಲಿ ಎದುರಿಸಿದನು. ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಎಂಬಾತನು 1977ರಲ್ಲಿ ತನ್ನ ಗ್ರಂಥದ ಎರಡನೆಯ ಮುದ್ರಣದ ಕರಡನ್ನು ಕಂಡು ಖಿನ್ನನಾದನು. ಹಿಂದೆ ಸೀಸದಲ್ಲಿ ಅಂದವಾಗಿ ಮೂಡಿದ್ದ ಪುಟಗಳು ಹೊಸ ಛಾಯಾಜೋಡಣೆಯಲ್ಲಿ ವಿಕಾರವಾಗಿದ್ದುವು. ಆತನು ಕೈಯಲ್ಲಿದ್ದ ಗ್ರಂಥವನ್ನು ಬದಿಗಿಟ್ಟು, ಅಕ್ಷರಜೋಡಣೆಗೆಂದೇ ‘ಟೆಕ್’ ಎಂಬ ತಂತ್ರಾಂಶವನ್ನು ಕಟ್ಟತೊಡಗಿದನು. 1982ರಲ್ಲಿ ಅದನ್ನು ಹೊಸದಾಗಿ ಬರೆದು, 1984ರಲ್ಲಿ ಅದರ ಕೈಪಿಡಿಯನ್ನು ಪ್ರಕಟಿಸಿದನು. 1986ರಲ್ಲಿಯಾದರೋ ತಂತ್ರಾಂಶದ ಮೂಲಪಾಠವನ್ನೇ, ಆದ್ಯಂತವಾಗಿ, ವಿವರಣೆಸಹಿತ ಒಂದು ಸಂಪುಟವಾಗಿ ಅಚ್ಚುಹಾಕಿಸಿದನು. 1300ಕ್ಕೂ ಮೀರಿದ ವಿಭಾಗಗಳು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಪ್ರತಿಯೊಂದಕ್ಕೂ ಮೊದಲು ಮಾತಿನ ವಿವರಣೆ, ಬಳಿಕ ಯಂತ್ರದ ಪಾಠ, ಕೊನೆಯಲ್ಲಿ ಅಕಾರಾದಿ. ತಪ್ಪನ್ನು ಕಂಡುಹಿಡಿದವರಿಗೆ ಬಹುಮಾನವನ್ನೂ ಸಾರಿದನು. ಅದು ವರ್ಷಗಳು ಕಳೆದಂತೆ 327 ಡಾಲರು 68 ಸೆಂಟುಗಳವರೆಗೆ ಏರಿತು.

ಆದುದರಿಂದಲೇ ಅಲ್ಲಿ ಒಂದು ಆಜ್ಞೆಯ ಅರ್ಥವನ್ನು ಹುಡುಕುವವನಿಗೆ ದಾರಿ ಕಾಣುತ್ತದೆ. ಆಜ್ಞೆಗಳು ಎರಡು ಬಗೆ: ಸುಮಾರು 300 ಮೂಲಾಜ್ಞೆಗಳು ಯಂತ್ರದೊಳಗೇ ಇವೆ; ಉಳಿದವು ಅವುಗಳನ್ನು ಹೆಣೆದು ಮಾಡಿದ ಸಾಧಿತಾಜ್ಞೆಗಳು. ಲೆಸ್ಲಿ ಲ್ಯಾಂಪೋರ್ಟನ ‘ಲೇಟೆಕ್’ ಎಂಬುದು ಇಂತಹ ಸಾಧಿತಾಜ್ಞೆಗಳ ದೊಡ್ಡ ಭಂಡಾರ. ‘ಷೋ’ ಎಂಬ ಆಜ್ಞೆಯಿಂದ ಕೇಳಿದರೆ, ಹುಡುಕುತ್ತಿರುವುದು ಮೂಲವೋ ಸಾಧಿತವೋ ಎಂಬುದನ್ನು ಯಂತ್ರವೇ ಹೇಳುತ್ತದೆ. ಮೂಲವಾದರೆ ಕನೂತನ ಗ್ರಂಥಗಳನ್ನು ನೋಡಬೇಕು. ಸಾಧಿತವಾದರೆ ಅದರ ಬಿಡಿಸಿದ ರೂಪವು ತೆರೆಯ ಮೇಲೆ ಮೂಡುತ್ತದೆ. ಆ ರೂಪವು ಹುಟ್ಟಿದ ಕಡತದಲ್ಲಿ ಪಾಠವೂ ಟಿಪ್ಪಣಿಯೂ ಒಂದರ ಮಗ್ಗುಲಲ್ಲಿ ಒಂದಾಗಿ ಇರುತ್ತವೆ. ಇಂತಹ ತೆರೆದ ನೆಲವಾದುದರಿಂದಲೇ ಜಿ. ಎಸ್. ಜಗದೀಶ್ ಮತ್ತು ವೆಂಕಟೇಶ ಗೋಪಿನಾಥರು ಯಾರ ಅಪ್ಪಣೆಗೂ ಕಾಯದೆ ಅದರ ಮೇಲೆ ಕನ್ನಡದ ಜೋಡಣೆಯನ್ನು ಕಟ್ಟಬಲ್ಲವರಾದರು.

ಇದನ್ನು ಪಶ್ಚಿಮದ ಹೊಸ ಸೃಷ್ಟಿಯೆಂದು ಕನ್ನಡಿಗರು ಬೆರಗಾಗಬೇಕಾದುದಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರವನ್ನು ರಚಿಸಿ ಸುಮ್ಮನಾಗಲಿಲ್ಲ, ತಾನೇ ವೃತ್ತಿಯನ್ನು ಬರೆದು, ಪ್ರಯೋಗಗಳನ್ನು ಕೊಟ್ಟನು. 1604ರಲ್ಲಿ ಭಟ್ಟಾಕಳಂಕನು ತನ್ನ ‘ಕರ್ಣಾಟಕ ಶಬ್ದಾನುಶಾಸನ’ಕ್ಕೆ ವೃತ್ತಿಯನ್ನೂ, ಆ ವೃತ್ತಿಗೆ ವ್ಯಾಖ್ಯಾನವನ್ನೂ ತಾನೇ ರಚಿಸಿದನು. ಬರಿಯ ಸೂತ್ರವು ಆಳಿದ ಮೇಲೆ ಉಳಿಯದು, ಕಾರಣವನ್ನು ಹೇಳದ ನಿಯಮವು ಮುಂದಿನವನಿಗೆ ಒಗಟಾಗುವುದು ಎಂಬುದನ್ನು ಅವರು ಬಲ್ಲವರಾಗಿದ್ದರು. ಕಿಟ್ಟೆಲನು 1872ರಲ್ಲಿ ಮಂಗಳೂರಿನಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚು ಮಾಡಿಸುವಷ್ಟು ಕಾಲವೂ ಆ ವ್ಯಾಕರಣವು ಜೀವಂತವಾಗಿದ್ದುದಕ್ಕೆ ಆ ವೃತ್ತಿಯೂ ಒಂದು ಕಾರಣವಲ್ಲವೆ?

ಇಂದು ಯೂನಿಕೋಡ್ ಎಂಬ ಜಗತ್ತಿನ ಏಕಸಂಕೇತದಲ್ಲಿ ಕನ್ನಡಕ್ಕೆ ಸ್ಥಿರವಾದ ಸ್ಥಾನವಿದೆ. 1991ರ ಮೊದಲ ಆವೃತ್ತಿಯಿಂದಲೇ ಅದು ಅಲ್ಲಿದೆ. ಆದರೂ ನಿಯಮವನ್ನು ಓದುವ ಕೆಲಸವು ತೀರಲಿಲ್ಲ. ‘ಸೂರ್ಯ’ ಎಂದು ಬರೆದರೆ ರಕಾರವು ಅರ್ಕಾವೊತ್ತಾಗಿ ಹಿಂದೆ ಸರಿಯುತ್ತದೆ. ‘ರ‍್ಯಾಂಕ್’ ಎಂಬಲ್ಲಿ ರಕಾರವು ತನ್ನ ಸ್ಥಾನದಲ್ಲಿಯೇ ನಿಂತು, ಯಕಾರವು ಒತ್ತಾಗಬೇಕು. ಇದಕ್ಕೆ ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕವೊಂದನ್ನಿಡಬೇಕೆಂದು ಸಂಕೇತದ ಗ್ರಂಥದಲ್ಲಿಯೇ ಬರೆದಿದೆ. ಅದನ್ನು ಓದದ ಬೆರಳಚ್ಚುಗಾರನು ಕನ್ನಡಕ್ಕೆ ಯಂತ್ರವು ಒಗ್ಗದೆಂದು ದೂರುತ್ತಾನೆ; ಓದಿದವನು ಎರಡು ಒತ್ತಿನಲ್ಲಿ ಕೆಲಸವನ್ನು ಮುಗಿಸುತ್ತಾನೆ.

ಕೊಟ್ಟಿಗೆಹಾರದ ಪ್ರತಿಷ್ಠಾನದ ಬಾಗಿಲಿಗೆ ಬರುವವರು ತೇಜಸ್ವಿಯವರ ಹಕ್ಕಿಗಳನ್ನೂ ಕಾಡನ್ನೂ ನೆನೆಯುವುದು ಸಹಜ. ಕಾಡಿನ ಜೀವಿಯೊಂದರ ಹೆಸರು ತಿಳಿದರೆ ಸಾಲದು, ಅದು ಬಾಳುವ ಬಗೆಯೂ ತಿಳಿಯಬೇಕೆಂದು ಕುತೂಹಲದಿಂದ ಬೆನ್ನುಹತ್ತಿದವರು ಅವರು. ತನ್ನ ಭಾಷೆಯನ್ನು ಅಚ್ಚಿಗೇರಿಸುವ ಯಂತ್ರದ ವಿಷಯದಲ್ಲಿಯೂ ಅದೇ ಕುತೂಹಲವು ಸಲ್ಲುತ್ತದೆ. ಸೂತ್ರವನ್ನು ಬರೆದವನು ವೃತ್ತಿಯನ್ನೂ ಬರೆದಿಡಲಿ. ವೃತ್ತಿಯಿದ್ದೆಡೆಯಲ್ಲಿ ಕನ್ನಡಿಗನು ಅದನ್ನು ತೆರೆದು ಓದಲಿ. ಬರಹವು ಮೊಮ್ಮಕ್ಕಳ ಕೈಗೆ ಸೇರಬೇಕಾದರೆ ಇವೆರಡೂ ಆಗಬೇಕು.