ಕೊಡಗಿನ ಕೋವಿ: ವಿನಾಯಿತಿಯ ಇನ್ನೊಂದು ಮಗ್ಗುಲು

1857ರ ದಂಗೆ ಅಡಗಿದ ಮೇಲೆ ಬ್ರಿಟಿಷ್ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನುಗಳನ್ನು ತಂದಿತು. ಅವು ಕೊಡಗರಿಗೆ ಅನ್ವಯಿಸವೆಂದು 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಪ್ರಕಟಿಸಿದ. ಇದನ್ನು ಶೌರ್ಯಕ್ಕೆ ಸಂದ ಮರ್ಯಾದೆಯೆಂದೇ ಹೇಳುವುದು ವಾಡಿಕೆ. ಆದರೆ ಬ್ರಿಟಿಷರ ವಿರುದ್ಧ ಎದ್ದ 1837ರ ಅಮರ ಸುಳ್ಯದ ದಂಗೆಯನ್ನು ಹತ್ತಿಕ್ಕಲು ನೆರವಾದ ಕೊಡಗರಿಗೆ ಈಸ್ಟ್ ಇಂಡಿಯಾ ಕಂಪನಿ ಪದಕ ಹಂಚಿದ್ದನ್ನು ನೆನೆದರೆ, ಆ ಮರ್ಯಾದೆಯ ಹಿಂದೆ ಲೆಕ್ಕಾಚಾರವೂ ಇತ್ತು. ಏನೇ ಇರಲಿ, 1878ರ ಕಾಯ್ದೆ ಬಂದು ಹೋಗಿ 1959ರ ಆಯುಧ ಕಾಯ್ದೆ ಬಂದರೂ ವಿನಾಯಿತಿ ಉಳಿಯಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿಯವರಿಗೂ ಇರುವ ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್‌ವರೆಗೆ. ಈ ಇತಿಹಾಸವೆಲ್ಲ ಕೋವಿ ಕೈಯಲ್ಲಿರುವ ಹೊತ್ತಿನದು. ಕೋವಿ ಕೈಬಿಟ್ಟ ಮೇಲೆ ಏನು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ನನ್ನ ಪ್ರಕಾರ ವಿನಾಯಿತಿದಾರನ ನಿಜವಾದ ತೊಡಕು ಶುರುವಾಗುವುದೇ ಅಲ್ಲಿ.

ಉಳಿದ ಕಡೆ ಲೈಸೆನ್ಸ್ ಎಂಬುದು ಬರೀ ಅಪ್ಪಣೆಯಲ್ಲ, ಕೋವಿಯ ಜಾತಕವೂ ಹೌದು. ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕಳುವಾದರೆ ತಡಮಾಡದೆ ದೂರು ಕೊಡಬೇಕು. ಇದು ಕಿರಿಕಿರಿಯೇ ಸರಿ, ಆದರೆ ಕೊಟ್ಟವನಿಗೆ ರಕ್ಷೆಯೂ ಅದೇ: ಕೋವಿ ತನ್ನ ಕೈಯಿಂದ ಯಾವ ದಿನ, ಯಾರಿಗೆ ಹೋಯಿತೆಂಬುದಕ್ಕೆ ಸರ್ಕಾರದ ಕಡತವೇ ಸಾಕ್ಷಿ. ಕೊಡಗಿನಲ್ಲಿ ವಿನಾಯಿತಿ ಪತ್ರವಿದ್ದರೂ ಲೈಸೆನ್ಸಿನ ಈ ಸರಪಳಿ ಅಷ್ಟು ಬಿಗಿಯಲ್ಲ. ಅಜ್ಜನ ಕೋವಿ ಮೊಮ್ಮಗನಿಗೆ ಬರುತ್ತದೆ, ಒಕ್ಕದ, ಅಂದರೆ ಕುಲದ, ಮೂಲಮನೆಯಾದ ಐನ್‌ಮನೆಯಲ್ಲಿ ಉಳಿಯುತ್ತದೆ, ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದಿಗೆ ಪೂಜೆಗೊಳ್ಳುತ್ತದೆ. ಅದು ಯಾರ ವಶದಲ್ಲಿದೆ ಎಂದು ಕೇಳಿದರೆ ಮನೆಯವರಿಗೂ ಒಮ್ಮೊಮ್ಮೆ ಉತ್ತರ ಕಷ್ಟ. ಆದರೆ ಹೊಣೆ ಯಾರದೆಂದು ನೋಡುವಾಗ ಕಾನೂನು ಕೇಳುವುದು ಆ ಪ್ರಶ್ನೆಯನ್ನೇ.

ಕೈಯಲ್ಲಿಲ್ಲದ ವಸ್ತುವಿಗೆ ಹೊಣೆ ಹೊರಿಸುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಉತ್ತರಿಸಿದೆ. ಅಲ್ಲಿ ಆಯುಧ ಸಿಕ್ಕಿದ್ದು ಬೇರೊಬ್ಬನ ಬಳಿ. ಆದರೂ ಆಯುಧದ ಅರಿವೂ ಅದರ ಮೇಲಿನ ಹಿಡಿತವೂ ಉಳಿದಿದ್ದರೆ, ಅದು ಇನ್ನೊಬ್ಬರ ಕೈಯಲ್ಲಿದ್ದರೂ ವಶವೇ ಎಂದು ನ್ಯಾಯಾಲಯ ಹೇಳಿತು. ಇದನ್ನು ತಿರುಗಿಸಿ ಓದಿದರೆ ಆಕ್ಷೇಪಕ್ಕೆ ಸಮಾಧಾನವೂ ಇದೆ: ಅರಿವಾಗಲಿ ಹಿಡಿತವಾಗಲಿ ಇಲ್ಲದವನನ್ನು ಬರೀ ಹೆಸರಿನ ಮೇಲೆ ವಶದ ಅಪರಾಧಕ್ಕೆ ಎಳೆಯಲಾಗದು. ಹಿಡಿತ ಬಿಟ್ಟದ್ದನ್ನು ತೋರಿಸುವುದು ಮಾತ್ರ ಕಷ್ಟದ ಕೆಲಸ.

ವಿನಾಯಿತಿಯೆಂದರೆ ಕಾಯ್ದೆಯಿಂದಲೇ ಬಿಡುಗಡೆಯಲ್ಲವೇ ಎಂದು ಇನ್ನು ಕೆಲವರು ಕೇಳಬಹುದು. ಅಲ್ಲ. ಅದು ಮನ್ನಿಸುವುದು ಲೈಸೆನ್ಸಿನ ಕಲಮುಗಳನ್ನು, ಅಂದರೆ 3 ಮತ್ತು 4ನ್ನು. ಕೋವಿ ಪಡೆಯುವವನಿಗೆ ಅದನ್ನು ಇಟ್ಟುಕೊಳ್ಳುವ ಹಕ್ಕಿದೆಯೇ ಎಂದು ವಿಚಾರಿಸದೆ ಕೊಡುವುದೂ ಅಪರಾಧವೆನ್ನುವ 29ನೇ ಕಲಮು ಹಾಗೆಯೇ ನಿಂತಿದೆ. ಆನೆ ಓಡಿಸಲೆಂದು ಕಾಫಿ ತೋಟದ ರೈಟರನ ಕೈಗೆ ಕೋವಿ ಕೊಟ್ಟು ಬೆಂಗಳೂರಿಗೆ ಹೋಗುವ ಮಾಲೀಕನಿಗೆ ವಿನಾಯಿತಿಯಿದೆ, ರೈಟರನಿಗೆ ಇಲ್ಲದಿರಬಹುದು. ವಿನಾಯಿತಿ ಕೋವಿಯ ಜೊತೆ ಕೈ ಬದಲಿಸುವುದಿಲ್ಲ. ಹಾಗಾಗಿ ಲೈಸೆನ್ಸ್ ಬೇಡದವನೇ ಕಾಗದದ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕು. ಕೊಟ್ಟ ದಿನ, ಪಡೆದವನ ಅರ್ಹತೆ, ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇವನ್ನೆಲ್ಲ ಅವನೇ ಜೋಪಾನ ಮಾಡಬೇಕು, ಕಬ್ಬನ್ನನ ಪ್ರಕಟಣೆ ಆ ಕೆಲಸವನ್ನು ಅವನ ಪರವಾಗಿ ಮಾಡಿಕೊಡಲಿಲ್ಲ.