ಗೆಲುವಿನ ಸಂಭವವೂ ಕರ್ನಾಟಕದ ರಣಜಿ ತಂಡವೂ

ಕ್ರೀಡಾಋತುವೊಂದು ಮುಗಿದ ಬಳಿಕ ಜನರ ನೆನಪಿನಲ್ಲಿ ನಿಲ್ಲುವುದು ಬಹುಮಟ್ಟಿಗೆ ಅಂತಿಮ ಫಲವೊಂದೇ. ಗೆದ್ದವರ ಹೆಸರು ಪಟ್ಟಿಯನ್ನು ಸೇರುವುದು, ಸೋತವರದು ಮರೆಯಾಗುವುದು. ಗೆದ್ದವರಲ್ಲಿಯೂ ಹೆಚ್ಚು ರನ್ ಕೂಡಿಸಿದವರಿಗೇ ಹೆಚ್ಚು ಕೀರ್ತಿ. ಆದರೆ ಪಂದ್ಯವು ಯಾವ ಗಳಿಗೆಯಲ್ಲಿ, ಯಾರ ಕೈಯಿಂದ ತಿರುಗಿತೆಂಬುದನ್ನು ಅಂಕಪಟ್ಟಿಯು ಹೇಳಲಾರದು. ಈ ಕೊರತೆಯನ್ನು ತುಂಬುವುದಕ್ಕೆ ಹುಟ್ಟಿದುದೇ ಗೆಲುವಿನ ಸಂಭವದ ಲೆಕ್ಕ.

ಇದರ ತವರು ಬೇಸ್‌ಬಾಲ್ ಆಟ. ಕೆನಡಾ ದೇಶದ ಜಾರ್ಜ್ ಲಿಂಡ್ಸೆ ಎಂಬ ವಿದ್ವಾಂಸರು 1961ರಲ್ಲಿ, ಆಟದ ಪ್ರತಿಯೊಂದು ಘಟ್ಟದಲ್ಲಿ ಮುಂದಿರುವ ತಂಡವು ಗೆಲ್ಲುವ ಸಂಭವವೆಷ್ಟೆಂಬುದನ್ನು ಗಣಿಸಿ ಪ್ರಕಟಿಸಿದರು. ಅಮೆರಿಕದ ಮಿಲ್ಸ್ ಸಹೋದರರು ಈ ವಿಚಾರವನ್ನು 1969ರ ಋತುವಿಗೆ ಅನ್ವಯಿಸಿ, ಮರುವರ್ಷ ಪುಸ್ತಕರೂಪದಲ್ಲಿ ಹೊರತಂದರು. ತತ್ತ್ವವು ಸರಳವಾದುದು. ಒಂದು ಹೊಡೆತಕ್ಕೆ ಮುಂಚೆ ತಂಡಕ್ಕೆ ನೂರರಲ್ಲಿ 40 ಪಾಲು ಗೆಲುವಿನ ಸಂಭವವಿದ್ದು, ಅನಂತರ ಅದು 55 ಆಯಿತೆನ್ನೋಣ. ನಡುವಣ 15 ಪಾಲು ಆ ಆಟಗಾರನ ಗಳಿಕೆ. ಹೀಗೆ ಋತುವಿನ ಉದ್ದಕ್ಕೂ ಕೂಡುತ್ತ, ಕಳೆಯುತ್ತ ಹೋದರೆ ಯಾರ ಶ್ರಮ ಯಾವಾಗ ಫಲಿಸಿತೆಂಬುದು ತಿಳಿಯುವುದು.

ರಣಜಿ ಪಂದ್ಯಗಳಲ್ಲಿ ರನ್ನು, ವಿಕೆಟ್ಟುಗಳ ಜೊತೆಗೆ ಉಳಿದ ಕಾಲವನ್ನೂ ಗಣಿಸಬೇಕು. ಮುಂದಿನ ಸುತ್ತಿಗೆ ದಾರಿ ತೆರೆಯುವ ಪಂದ್ಯವು ಪೂರ್ಣವಾಗದೆ ಉಳಿದರೆ ಮೊದಲ ಇನಿಂಗ್ಸಿನ ಮುನ್ನಡೆಯೇ ನಿರ್ಣಾಯಕ. ಈ ದೃಷ್ಟಿಯಿಂದ 2014–15ರ ಕರ್ನಾಟಕ ತಂಡದ ಋತುವನ್ನು ನೋಡಬಹುದು. ಅದರ ನಾಯಕರು ದಾವಣಗೆರೆಯ ವಿನಯಕುಮಾರರು. ಉಬ್ರಾಣಿ, ಚನ್ನಗಿರಿಗಳ ಜನರಿಗೆ ತಮ್ಮ ಜಿಲ್ಲೆಯವರೇ.

ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು 202 ರನ್ನುಗಳಿಗೆ ಮುಗಿಯಿತು. ಮುಂಬಯಿಯಂತಹ ಎದುರಾಳಿಯ ಮುಂದೆ ಇದು ನಿಶ್ಚಿಂತೆಯಿಂದ ಇರಬಹುದಾದ ಮೊತ್ತವಲ್ಲ. ಆದರೆ ಮುಂಬಯಿ ಕೇವಲ 44ಕ್ಕೆ ಉರುಳಿತು. ಕೊನೆಗೆ 445ರ ಗುರಿಯನ್ನು ಬೆನ್ನಟ್ಟಿ ಅದು 332 ಗಳಿಸಿದರೂ ಕರ್ನಾಟಕವು 112 ರನ್ನುಗಳಿಂದ ಗೆದ್ದಿತು. ಸಂಭವದ ತಕ್ಕಡಿಯು ತೀವ್ರವಾಗಿ ವಾಲಿದುದು ಆ 44ರ ಘಟ್ಟದಲ್ಲಿಯೇ.

2015ರ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ವಿನಯಕುಮಾರರು 34 ರನ್ನುಗಳಿಗೆ 5 ವಿಕೆಟ್ ಪಡೆದು ತಮಿಳುನಾಡನ್ನು 134ಕ್ಕೆ ಅಡಗಿಸಿದರು. ಆದರೆ ಕರ್ನಾಟಕವೂ 84ಕ್ಕೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿತು. ಆಗ ಜೊತೆಗೂಡಿದ ಕೆ. ಎಲ್. ರಾಹುಲರೂ ಕರುಣ್ ನಾಯರರೂ 386 ರನ್ ಕೂಡಿಸಿದರು. ನಾಯರರ 328, ರಣಜಿಯ ಅಂತಿಮ ಪಂದ್ಯದಲ್ಲಿ 1946–47ರಿಂದ ನಿಂತಿದ್ದ ಗುಲ್ ಮಹಮ್ಮದರ 319ನ್ನು ಮೀರಿತು. ಮೊತ್ತ 762ಕ್ಕೆ ಏರಿ, ಒಂದು ಇನಿಂಗ್ಸ್ ಮತ್ತು 217 ರನ್ನುಗಳ ಜಯ ದೊರೆಯಿತು.

ಕೀರ್ತಿಯೆಲ್ಲವೂ 328ಕ್ಕೆ ಸಲ್ಲುವುದು ಸಹಜವೇ. ಆದರೆ ಸಂಭವದ ಲೆಕ್ಕವು ಬೇರೆಯಾಗಿ ತೂಗುವುದು. 84ರಿಂದ 135ರವರೆಗಿನ 51 ರನ್ನುಗಳು ಮುನ್ನಡೆಯನ್ನು ತಂದುಕೊಟ್ಟುವು; ಒಂದೊಂದಕ್ಕೂ ಅಪಾರ ಬೆಲೆ. 600 ದಾಟಿದ ಮೇಲಿನ 51ಕ್ಕೆ ಆ ಬೆಲೆಯಿಲ್ಲ. ಎದುರಾಳಿಯ ಕಾಲವನ್ನು ಕಳೆದುದೇ ಅದರ ಪ್ರಯೋಜನ. ನಾಯಕರ ವಿಷಯದಲ್ಲಿಯೂ ಇದೇ ನ್ಯಾಯ: ಅವರ ಅಜೇಯ 105 ಕಣ್ಣಿಗೆ ಹಬ್ಬವಾದರೂ, ಮೊದಲ ಇನಿಂಗ್ಸಿನ 5 ವಿಕೆಟ್ಟುಗಳೇ ಗೆಲುವಿಗೆ ಹೆಚ್ಚು ಸಮೀಪವಾದುವು.

ಈ ಲೆಕ್ಕದ ಉಪಕಾರವು ಸೋತವರಿಗೇ ಹೆಚ್ಚೆನ್ನಬಹುದು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಇದೇ ಮುಂಬಯಿಯ ಎದುರು ಕರ್ನಾಟಕವು 338 ರನ್ನುಗಳನ್ನು ಬೆನ್ನಟ್ಟಿತು. ಮನೀಶ್ ಪಾಂಡೆಯವರು 144 ಗಳಿಸಿ, ಗಣೇಶ್ ಸತೀಶರೊಡನೆ 209 ರನ್ ಕೂಡಿಸಿದರು. ತಂಡವು 331ಕ್ಕೆ ನಿಂತು, ಕೇವಲ 6 ರನ್ನುಗಳಿಂದ ಪ್ರಶಸ್ತಿ ಕೈತಪ್ಪಿತು. ಪಟ್ಟಿಯಲ್ಲಿ ಅದು ಬರಿಯ ಸೋಲು. ಆದರೆ ಆ ಜೊತೆಯಾಟವು ಕೈಬಿಟ್ಟಂತಿದ್ದ ಪಂದ್ಯವನ್ನು ಗೆಲುವಿನ ಹೊಸ್ತಿಲಿಗೆ ತಂದಿತ್ತೆಂಬುದನ್ನು ಸಂಭವದ ಲೆಕ್ಕವು ಮರೆಯದು.

ಈ ಲೆಕ್ಕಕ್ಕೆ ಮಿತಿಯೂ ಉಂಟು. ಪಂದ್ಯವು ಯಾವಾಗ ತಿರುಗಿತೆಂಬುದನ್ನು ಅದು ತೋರಿಸೀತು. ಸಂಕಟದಲ್ಲಿ ಸ್ಥಿರವಾಗಿ ನಿಲ್ಲುವ ಧೈರ್ಯ ಎಲ್ಲಿಂದ ಬಂದಿತೆಂಬುದನ್ನು ತೋರಿಸದು. ಆದರೂ ಆಟದ ಇತಿಹಾಸವನ್ನು ಬರೆಯುವವರು ಕೊನೆಯ ಮೊತ್ತದ ಜೊತೆಗೆ ಆ 84ನ್ನೂ ಗುರುತಿಸಿಕೊಂಡರೆ, ಸಲ್ಲಬೇಕಾದವರಿಗೆ ಸಲ್ಲಬೇಕಾದುದು ಸಂದೀತು.